ವಾಗಣಗೇರಾದ ಬೇಡರು, ಸಾದೋಕ್ ಬೆಟ್ಟದ ಇಬಾನರು

1841ರಲ್ಲಿ ಇಬ್ಬರು ಇಂಗ್ಲಿಷರು ಎರಡು ದೂರದ ನಾಡುಗಳ ಅಧಿಕಾರದ ಕಡೆಗೆ ಕೈ ಚಾಚಿದರು. ಒಬ್ಬ ಜೇಮ್ಸ್ ಬ್ರೂಕ್. ಕಾಶಿಯ ಸೀಮೆಯಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದು, ಬರ್ಮಾ ಯುದ್ಧದಲ್ಲಿ ಗಾಯಗೊಂಡವನು. ತಂದೆ ಬಿಟ್ಟುಹೋದ ಹಣದಲ್ಲಿ ಹಡಗು ಕೊಂಡು ಬೋರ್ನಿಯೋ ದ್ವೀಪಕ್ಕೆ ಹೋದ, ಬ್ರೂನೈ ಸುಲ್ತಾನನ ವಿರುದ್ಧ ಎದ್ದಿದ್ದ ದಂಗೆಯನ್ನು ಅಡಗಿಸಲು ನೆರವಾದ, ಅದಕ್ಕೆ ಪ್ರತಿಯಾಗಿ ಸರವಾಕ್ ಸೀಮೆಯ ರಾಜನೆನಿಸಿಕೊಂಡ. ಇನ್ನೊಬ್ಬ ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದು, ಹೈದರಾಬಾದಿನ ನಿಜಾಮನ ಸೇನೆ ಸೇರಿದವನು. ಅವನನ್ನು ಕಳಿಸಿದ್ದು ಸುರಪುರ ಸಂಸ್ಥಾನಕ್ಕೆ. ಬ್ರೂಕ್‌ಗೆ ಎದುರಾದವರು ಇಬಾನರೆಂಬ ಬುಡಕಟ್ಟಿನವರು. ಟೇಲರ್‌ಗೆ ಎದುರಾದವರು ಬೇಡರು.

ಇಬ್ಬರೂ ಬರೆಯಬಲ್ಲವರಾಗಿದ್ದರು. ಬ್ರೂಕ್‌ನ ದಿನಚರಿಯ ಭಾಗಗಳನ್ನು ಸೇರಿಸಿಕೊಂಡು ನೌಕಾಧಿಕಾರಿ ಹೆನ್ರಿ ಕೆಪೆಲ್ 1846ರಲ್ಲಿ ಪ್ರಕಟಿಸಿದ ಪುಸ್ತಕ ಇಬಾನರನ್ನು ಯುರೋಪಿಗೆ ಕಡಲ್ಗಳ್ಳರೆಂದೂ ತಲೆ ಕಡಿಯುವವರೆಂದೂ ಪರಿಚಯಿಸಿತು. ಟೇಲರ್‌ನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಹೊರಬಂತು. ಸುರಪುರದ ಬೇಡರು, ಅವರ ರಾಣಿ, ಅವರ ಕೊನೆಯ ದೊರೆ, ಇವರೆಲ್ಲ ಹೊರಜಗತ್ತಿಗೆ ತಿಳಿದದ್ದು ಮುಖ್ಯವಾಗಿ ಆ ಪುಸ್ತಕದಿಂದ. ಇಬಾನರು ಮುಂದೆ ಕೆಪೆಲ್ ಮತ್ತು ಬ್ರೂಕ್‌ರ ಬರಹವನ್ನು ಪಕ್ಕಕ್ಕಿಟ್ಟು ತಮ್ಮ ಹಿರಿಯರ ಬಾಯಿಂದಲೇ ತಮ್ಮ ಇತಿಹಾಸವನ್ನು ಬರೆದುಕೊಂಡರು. ಸುರಪುರದ ಬೇಡರ ಇತಿಹಾಸ ಬಹುಮಟ್ಟಿಗೆ ಇನ್ನೂ ಟೇಲರ್‌ನ ಹಾಳೆಗಳಲ್ಲೇ ಉಳಿದಿದೆ. ಇಬಾನರು ಮಾಡಿದ ಕೆಲಸ ಸುರಪುರವಿರುವ ಯಾದಗಿರಿ ಸೀಮೆಯಲ್ಲೂ ಆಗಬೇಕು, ಅದಕ್ಕೆ ಬೇಕಾದ ಸಾಮಗ್ರಿ ಇಲ್ಲಿ ಇನ್ನೂ ಬದುಕಿದೆ ಎಂಬುದು ಈ ಲೇಖನದ ವಾದ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಕರಿಮಣ್ಣಿನ ಬಯಲು, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡ. ಇದು ಶಹಾಪುರ, ಸುರಪುರಗಳ ನೆಲ. ಶಹಾಪುರದ ಹತ್ತಿರದ ಸಗರ ಮೊದಲು ಬೇಡ ನಾಯಕರ ಠಾಣೆಯಾಗಿತ್ತು. ಅಲ್ಲಿದ್ದ ಪಾಮ ನಾಯಕ ಬಿಜಾಪುರದ ಆದಿಲ್‌ಶಾಹಿಗೆ ನಿಷ್ಠನಾಗಿದ್ದವನು. 1686ರಲ್ಲಿ ಬಿಜಾಪುರ ಬಿತ್ತು, ಮರುವರ್ಷ ಸಗರವೂ ಮೊಗಲರ ವಶವಾಯಿತು. ಪಾಮ ನಾಯಕನ ನಂತರ ಬಂದ ಪಿಡ್ಡ ನಾಯಕ ಸ್ವಲ್ಪ ಕಾಲ ಮೊಗಲರ ಸೇವೆಯಲ್ಲಿದ್ದು, ಆಮೇಲೆ ಅವರಿಂದ ದೂರ ಸರಿದು ವಾಗಣಗೇರಾದ ಗುಡ್ಡದ ಮೇಲೆ ಕೋಟೆ ಗಟ್ಟಿಮಾಡಿಕೊಂಡು ಕುಳಿತ. ಬೇಡರ ಬಂದೂಕಿನ ಗುರಿ ಮತ್ತು ರಾತ್ರಿದಾಳಿ ದಖ್ಖನ್ನಿನಲ್ಲೆಲ್ಲ ಹೆಸರಾಗಿತ್ತು. ಸುತ್ತಲಿನ ಮೊಗಲ್ ಅಧಿಕಾರಿಗಳು ಕಳಿಸಿದ ಪಡೆಗಳು ಒಂದರ ಹಿಂದೊಂದು ಬರಿಗೈಲಿ ಹಿಂತಿರುಗಿದವು.

ಕೊನೆಗೆ ಔರಂಗಜೇಬನೇ ಬಂದ. ಆಗ ಅವನಿಗೆ 86 ವರ್ಷ. 1705ರ ಫೆಬ್ರುವರಿಯಲ್ಲಿ ಶುರುವಾದ ವಾಗಣಗೇರಾದ ಮುತ್ತಿಗೆ ಏಪ್ರಿಲ್ ಕೊನೆಯವರೆಗೆ ನಡೆಯಿತು. ಭಾರತದ ಬಹುಭಾಗವನ್ನು ಆಳುತ್ತಿದ್ದ ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ಇದು. ಕೋಟೆ ದೊಡ್ಡದೇನಲ್ಲ. ಅದರ ಕೆಳಗೆ ತಳವಾರಗೇರಾ ಎಂಬ ಬೇಡರ ಊರು, ಎದುರಿಗೆ ಕೆಲವು ಮಟ್ಟಿಗಳು. ಆ ಮಟ್ಟಿಗಳಲ್ಲಿ ಒಂದಾದ ಲಾಲ್ ಟೇಕಡಿಯನ್ನು ಮೊಗಲರು ಹಿಡಿದರು, ಬೇಡರು ಮತ್ತೆ ಕಿತ್ತುಕೊಂಡರು. ಪಿಡ್ಡ ನಾಯಕ ಒಂದು ಕಡೆ ಸಂಧಾನದ ಮಾತು ನಡೆಸುತ್ತ ಕಾಲ ತಳ್ಳಿದ, ಇನ್ನೊಂದು ಕಡೆ ಮರಾಠರ ನೆರವು ತರಿಸಿಕೊಂಡ. ಧನಾಜಿ ಜಾಧವನ ಸವಾರರು ಬಂದರು. ದೂರದಿಂದ ಸೇನಾನಿ ಜುಲ್ಫಿಕರ್ ಖಾನನನ್ನು ಕರೆಸಿಕೊಂಡ ಮೇಲೆಯೇ ಮೊಗಲರ ಕೈ ಮೇಲಾಯಿತು. ಬಾವಿಗಳು ಅವರ ವಶವಾದಾಗ ಕೋಟೆಯೊಳಗೆ ಇನ್ನು ನಿಲ್ಲಲಾಗದೆಂದು ತಿಳಿದ ನಾಯಕ ಏಪ್ರಿಲ್ 27ರ ರಾತ್ರಿ ತನ್ನವರೊಂದಿಗೆ ಹೊರಬಿದ್ದ. ಮೊಗಲರಿಗೆ ಸಿಕ್ಕಿದ್ದು ಸುಟ್ಟು ಖಾಲಿಯಾದ ಕೋಟೆ. ಬಾದಶಹ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟ, ಅಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ, ಚೇತರಿಸಿಕೊಂಡು ಅಹಮದನಗರಕ್ಕೆ ಹೊರಟ. 1707ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಯಾವ ಕೋಟೆಗೂ ಅವನು ಮುತ್ತಿಗೆ ಹಾಕಲಿಲ್ಲ. ಪಿಡ್ಡ ನಾಯಕನಾದರೋ ಸುರಪುರದ ಗುಡ್ಡಗಳ ನಡುವೆ ಹೊಸ ರಾಜಧಾನಿ ಕಟ್ಟಿಕೊಂಡ.

ಈ ಮುತ್ತಿಗೆಯ ವಿವರಗಳೆಲ್ಲ ಇಂದಿಗೆ ಉಳಿದಿರುವುದು ಮೊಗಲರ ಕಡೆಯವರು ಪಾರಸಿಯಲ್ಲಿ ಬರೆದಿಟ್ಟದ್ದರಿಂದ. ಜದುನಾಥ ಸರ್ಕಾರರ ಔರಂಗಜೇಬನ ಇತಿಹಾಸ ನಿಂತಿರುವುದೂ ಆ ಬರಹಗಳ ಮೇಲೆಯೇ. ಆ ಬಖೈರುಗಳಿಗೆ ಬೇಡರೆಂದರೆ ಜಾತಿಯಿಲ್ಲದವರು, ಕಪ್ಪು ಮೈಯವರು, ದರೋಡೆಕೋರರು. ಕೋಟೆಯ ಒಳಗೆ ಆ ಹನ್ನೊಂದು ವಾರ ಏನು ನಡೆಯಿತು, ಹೆಂಗಸರು ಮಕ್ಕಳು ಎಲ್ಲಿದ್ದರು, ಕತ್ತಲಲ್ಲಿ ಯಾವ ದಾರಿ ಹಿಡಿದು ಇಳಿದರು, ಯಾವ ಊರು ಅವರಿಗೆ ಅನ್ನ ಕೊಟ್ಟಿತು ಎಂಬುದನ್ನು ಹೇಳುವ ಒಂದು ಸಾಲೂ ಆ ಕಡೆಯಲ್ಲಿ ಸಿಕ್ಕುವುದಿಲ್ಲ. ಸಿಕ್ಕಬೇಕೆಂದು ಬಯಸುವುದೂ ತಪ್ಪು. ಅವರು ತಮ್ಮ ಬಾದಶಹನ ಕಥೆ ಬರೆದರು.

ಬೋರ್ನಿಯೋದ ಕಥೆಯೂ ಇಂಥದೇ ಒಂದು ಗುಡ್ಡದ ಸುತ್ತ ಬೆಳೆದಿದೆ. ಇಬಾನರ ಹಿರಿಯರು ಈಗ ಇಂಡೋನೇಷ್ಯಾದಲ್ಲಿರುವ ಕಪುವಾಸ್ ನದಿಯ ಸೀಮೆಯಿಂದ ದಿಣ್ಣೆ ದಾಟಿ ಬತಾಂಗ್ ಲುಪಾರ್ ಕಣಿವೆಗೆ ಬಂದವರು. ಕಾಡು ಕಡಿದು, ಸುಟ್ಟು, ಗುಡ್ಡದ ಇಳಿಜಾರಿನಲ್ಲಿ ಭತ್ತ ಬಿತ್ತಿ, ನೆಲ ಸಾರ ಕಳೆದುಕೊಂಡಾಗ ಮುಂದಿನ ಕಣಿವೆಗೆ ಹೋಗುವುದು ಅವರ ಬೇಸಾಯ. ನದಿಯ ದಂಡೆಯಲ್ಲಿ ಕಂಬಗಳ ಮೇಲೆ ನಿಂತ ಉದ್ದಮನೆ ಅವರ ಊರು. ಒಂದೇ ಸೂರಿನಡಿ ಹತ್ತಾರು ಕುಟುಂಬ, ಪ್ರತಿ ಕುಟುಂಬಕ್ಕೂ ಬಿಲಿಕ್ ಎಂಬ ಸ್ವಂತ ಕೋಣೆ, ಎಲ್ಲ ಕೋಣೆಗಳ ಮುಂದೆ ಉದ್ದಕ್ಕೂ ಹಾಯ್ದುಹೋಗುವ ರುವಾಯ್ ಎಂಬ ಸಮಾನ ಪಡಸಾಲೆ. ನ್ಯಾಯ, ಹಬ್ಬ, ಹರಟೆ ಎಲ್ಲವೂ ಆ ಪಡಸಾಲೆಯಲ್ಲಿ. ಉದ್ದಮನೆಗೆ ಒಬ್ಬ ಹಿರಿಯ ಇರುತ್ತಾನೆ, ಅವನ ಮಾತು ನಡೆಯುವುದು ಉಳಿದವರು ಒಪ್ಪಿದರೆ ಮಾತ್ರ. ಅವರಿಗೆ ರಾಜನಿರಲಿಲ್ಲ. ಯುದ್ಧದ ದೈವ ಸೆಂಗಾಲಾಂಗ್ ಬುರೋಂಗ್, ಅವನ ಅಳಿಯಂದಿರು ಶಕುನದ ಹಕ್ಕಿಗಳು. ಹಕ್ಕಿಯ ಕೂಗು ಕೇಳಿಯೇ ಬಿತ್ತನೆಗೂ ದಾಳಿಗೂ ಹೊರಡುತ್ತಿದ್ದರು.

ದಾಳಿಯಲ್ಲಿ ಶತ್ರುವಿನ ತಲೆ ತರುವುದು ಗಂಡಸಿನ ಹಿರಿಮೆ ಎನಿಸಿತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಇಬಾನ ವಿದ್ವಾಂಸರೂ ಮುಚ್ಚಿಟ್ಟಿಲ್ಲ. ಆದರೆ ಆ ಪದ್ಧತಿಯನ್ನು ಅಳಿಸುತ್ತೇವೆಂದು ಹೊರಟವರ ಲೆಕ್ಕವನ್ನೂ ನೋಡಬೇಕು. ಕಡಲ್ಗಳ್ಳನನ್ನು ಕೊಂದರೆ ಅಥವಾ ಹಿಡಿದರೆ ತಲೆಗೆ 20 ಪೌಂಡ್ ಕೊಡುವ ಕಾನೂನು 1825ರಿಂದ ಬ್ರಿಟನ್ನಿನಲ್ಲಿತ್ತು. 1849ರ ಜುಲೈ 31ರ ರಾತ್ರಿ ಬೆತಿಂಗ್ ಮಾರು ಎಂಬಲ್ಲಿ, ದಾಳಿ ಮುಗಿಸಿ ಮರಳುತ್ತಿದ್ದ ಸರಿಬಾಸ್ ಮತ್ತು ಸ್ಕ್ರಾಂಗ್ ಇಬಾನರ ದೋಣಿಗಳನ್ನು ಬ್ರೂಕ್‌ನ ಕಡೆಯವರೂ ಬ್ರಿಟಿಷ್ ಹಡಗುಗಳೂ ಅಡ್ಡಗಟ್ಟಿ ನೂರಾರು ಜನರನ್ನು ಕೊಂದರು. ನೌಕಾಪಡೆಗೆ ಸಿಕ್ಕ ಇನಾಮು 20,700 ಪೌಂಡ್. ಲಂಡನ್ನಿನ ಸಂಸತ್ತಿನಲ್ಲಿ ಜೋಸೆಫ್ ಹ್ಯೂಮ್ ಇದನ್ನು ಪ್ರಶ್ನಿಸಿದ, 1854ರಲ್ಲಿ ಸಿಂಗಾಪುರದಲ್ಲಿ ವಿಚಾರಣಾ ಆಯೋಗ ಕೂತಿತು, ಬ್ರೂಕ್‌ನ ಗದ್ದುಗೆ ಮಾತ್ರ ಅಲುಗಲಿಲ್ಲ.

ಆಮೇಲೆ ಬಂದವನು ರೆಂತಾಪ್. 1853ರಲ್ಲಿ ಸ್ಕ್ರಾಂಗ್ ನದಿಯ ಮೇಲೆ ಬ್ರೂಕ್‌ನ ಅಧಿಕಾರಿ ಅಲನ್ ಲೀಯನ್ನು ಕೊಂದ ಇಬಾನ ನಾಯಕ. ಅವನು ಸಾದೋಕ್ ಬೆಟ್ಟದ ಮೇಲೆ ಮರದ ಕೋಟೆ ಕಟ್ಟಿದ. ಬ್ರೂಕ್‌ನ ಸೋದರಳಿಯ ಚಾರ್ಲ್ಸ್ ಬ್ರೂಕ್ 1857ರಲ್ಲಿ ದಂಡೆತ್ತಿ ಹೋಗಿ ಸೋತ, 1858ರಲ್ಲಿ ಮತ್ತೆ ಸೋತ. 1861ರಲ್ಲಿ ದೊಡ್ಡ ತೋಪನ್ನು ಬೆಟ್ಟದ ಮೇಲಕ್ಕೆ ಎಳೆಸಿ ಕೋಟೆಯನ್ನು ಒಡೆದಾಗ ರೆಂತಾಪ್ ಆಗಲೇ ಜಾಗ ಖಾಲಿ ಮಾಡಿದ್ದ. ಶರಣಾಗದೆ ಒಳನಾಡಿನಲ್ಲಿ ತೀರಿಕೊಂಡ. ವಾಗಣಗೇರಾದಲ್ಲಿ 1705ರಲ್ಲಿ ಆದದ್ದಕ್ಕೂ ಸಾದೋಕ್‌ನಲ್ಲಿ 1861ರಲ್ಲಿ ಆದದ್ದಕ್ಕೂ ಇರುವ ಹೋಲಿಕೆ ಮೇಲ್ನೋಟದ್ದಲ್ಲ. ಬಯಲಿನಲ್ಲಿ ದೊಡ್ಡ ಸೇನೆಗೆ ಎದುರು ನಿಲ್ಲಲಾಗದ ಜನ ಗುಡ್ಡವನ್ನು, ಕತ್ತಲೆಯನ್ನು, ಪರಿಚಯದ ದಾರಿಯನ್ನು ಆಯುಧ ಮಾಡಿಕೊಳ್ಳುತ್ತಾರೆ. ಕೋಟೆ ಉಳಿಸಿಕೊಳ್ಳುವುದಕ್ಕಿಂತ ಜನ ಉಳಿಯುವುದು ಅವರಿಗೆ ಮುಖ್ಯ. ಇದನ್ನು ಪಲಾಯನವೆಂದು ಬರೆಯುವುದು ಗೆದ್ದವರಿಗೆ ಅನುಕೂಲ.

ಇನ್ನೊಂದು ಸಂಗತಿಯೂ ಎರಡೂ ಕಡೆ ಒಂದೇ. ಸಾದೋಕ್ ಮೇಲೆ ಏರಿಹೋದ ಬ್ರೂಕ್‌ನ ಪಡೆಯಲ್ಲಿ ಹೆಚ್ಚಿನವರು ಇಬಾನರೇ. ಬೇಡರೂ ವಿಜಯನಗರ, ಬಿಜಾಪುರ, ಮೊಗಲರು, ಹೈದರ್, ಟಿಪ್ಪು ಹೀಗೆ ಬೇರೆ ಬೇರೆ ದೊರೆಗಳ ಕಾಲಾಳುಗಳಾಗಿ ಹೋರಾಡಿದವರು. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರ್ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದ. ಯೋಧ ಸಮುದಾಯವೆಂಬ ಹೊಗಳಿಕೆಯ ಹಿಂದೆ ಇಂಥ ಬಳಕೆಯ ಇತಿಹಾಸವಿದೆ.

ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿದಿರಬೇಕು. ಇಬಾನರಿಗೆ ರಾಜನಿರಲಿಲ್ಲ, ಬೇಡರಿಗೆ ಗೋಸಲ ವಂಶದ ಆಸ್ಥಾನವಿತ್ತು. ಸುರಪುರದ ದೊರೆಗಳು ವೈಷ್ಣವ ಗುರುಗಳಿಗೆ ನಡೆದುಕೊಂಡರು, ವೇಣುಗೋಪಾಲಸ್ವಾಮಿಯ ಗುಡಿ ಕಟ್ಟಿಸಿದರು, ಸಂಸ್ಕೃತ ವಿದ್ವಾಂಸರಿಗೆ ಆಶ್ರಯ ಕೊಟ್ಟರು. ಗರುಡಾದ್ರಿ ಮನೆತನದ ಚಿತ್ರಕಾರರು ಚಿನ್ನದ ಬಣ್ಣ ಕೂಡಿಸಿ ಬರೆದ ಪುಟ್ಟ ಚಿತ್ರಗಳಿಂದ ಸುರಪುರ ಶೈಲಿ ಎಂಬ ಹೆಸರೇ ಹುಟ್ಟಿತು. ಸುರಪುರದ ಹತ್ತಿರದ ಬೋನಾಳ ಕೆರೆ ಪಾಮ ನಾಯಕನ ಕಾಲದ್ದು. ಟೇಲರ್ ಅದನ್ನು ದುರಸ್ತಿ ಮಾಡಿಸಿದ, ಇಂದು ಅದು ಪಕ್ಷಿಧಾಮ. ದರೋಡೆಕೋರರು ಕೆರೆ ಕಟ್ಟಿಸುವುದಿಲ್ಲ. ಮಳೆ ಕೈಕೊಡುವ ನೆಲದಲ್ಲಿ ಕೆರೆ ಕಟ್ಟುವವನು ಆ ನೆಲದಲ್ಲಿ ತಲೆಮಾರುಗಟ್ಟಲೆ ಉಳಿಯಬೇಕೆಂದುಕೊಂಡವನು.

ಟೇಲರ್ ಸುರಪುರಕ್ಕೆ ಬಂದಾಗ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ನಿಜಾಮನಿಗೆ ಕೊಡಬೇಕಾದ ಕಪ್ಪ, ಪಟ್ಟವೇರುವಾಗ ಒಪ್ಪಿಕೊಂಡ ಭಾರಿ ನಜರಾಣ, ಅದನ್ನು ತೀರಿಸಲು ಸಾಹುಕಾರರಿಂದ ತಂದ ಹಣ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಹುಡುಗ. 1853ರಲ್ಲಿ ಆ ಹುಡುಗನ ಕೈಗೆ ಅಧಿಕಾರ ಒಪ್ಪಿಸಿ ಹೋಗುವವರೆಗೆ ಟೇಲರ್ ಅಲ್ಲಿದ್ದ. ಲೆಕ್ಕಪತ್ರ ಸರಿಪಡಿಸಿದ, ಜಮೀನಿನ ಅಳತೆ ಮಾಡಿಸಿದ, ರಸ್ತೆ ಹಾಕಿಸಿದ. ರಾಜನಕೋಳೂರು, ಹಗರಟಗಿ, ವಿಭೂತಿಹಳ್ಳಿಗಳ ಬೃಹತ್ ಶಿಲಾಯುಗದ ಕಲ್ಲಿನ ರಚನೆಗಳನ್ನು ಮೊದಲ ಬಾರಿಗೆ ವಿವರವಾಗಿ ದಾಖಲಿಸಿದವನೂ ಅವನೇ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರೆಂದೂ ಬಾಲಕ ದೊರೆ ತನ್ನನ್ನು ಅಪ್ಪಾ ಎನ್ನುತ್ತಿದ್ದನೆಂದೂ ಅವನು ಬರೆದುಕೊಂಡಿದ್ದಾನೆ. ಆ ಪ್ರೀತಿ ಸುಳ್ಳೆಂದು ಹೇಳಲು ಯಾವ ಕಾರಣವೂ ಇಲ್ಲ.

ತೊಡಕಿರುವುದು ಆ ಪ್ರೀತಿಯಲ್ಲೇ. ದ್ವೇಷದಿಂದ ಬರೆದ ಬಖೈರನ್ನು ಓದುಗ ಎಚ್ಚರದಿಂದ ಓದುತ್ತಾನೆ. ಅಕ್ಕರೆಯಿಂದ ಬರೆದ ಆತ್ಮಕಥೆಯನ್ನು ನಂಬಿಬಿಡುತ್ತಾನೆ. ಹೀಗೆ ನಂಬಿದ್ದರಿಂದ ಅತಿ ಹೆಚ್ಚು ನಷ್ಟವಾದದ್ದು ರಾಣಿ ಈಶ್ವರಮ್ಮನಿಗೆ. ಟೇಲರ್‌ನ ಪುಸ್ತಕದಲ್ಲಿ ಅವಳು ಒಳಸಂಚುಗಾತಿ, ಹಣ ಪೋಲು ಮಾಡುವವಳು, ನಡತೆ ಸರಿಯಿಲ್ಲದವಳು, ಮಗನನ್ನು ಕೆಡಿಸಿದವಳು. ಗಂಡ ಸತ್ತ ಮೇಲೆ ಮೈದುನನ ಎದುರು ಮಗನ ಗಾದಿಯನ್ನು ಕಾಯ್ದುಕೊಂಡವಳು ಅವಳು. ನಿಜಾಮನ ದರಬಾರು, ಬ್ರಿಟಿಷ್ ರೆಸಿಡೆಂಟ್, ಸಾಲ ಕೊಟ್ಟ ಸಾಹುಕಾರರು, ಸ್ವಂತ ಬೇಡ ಮುಖಂಡರು ಇಷ್ಟೂ ಜನರ ನಡುವೆ ನಿಂತು ಅಧಿಕಾರ ಉಳಿಸಿಕೊಳ್ಳಲು ಹೆಣಗಿದಳು. ಅವಳ ಕೈಯಿಂದ ಅಧಿಕಾರ ಬಿಡಿಸಿಕೊಳ್ಳುವುದೇ ಟೇಲರ್‌ನ ಕೆಲಸವಾಗಿತ್ತು. ಬಿಡಿಸಿಕೊಂಡವನು ಕಳೆದುಕೊಂಡವಳ ಗುಣವನ್ನು ಬರೆದಾಗ ಅದನ್ನು ಒಂದು ಪಕ್ಷದ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕು. ಇಷ್ಟು ವರ್ಷ ಅದನ್ನು ತೀರ್ಪೆಂದು ತೆಗೆದುಕೊಂಡದ್ದು ಸರಿಯಲ್ಲ. ಈಶ್ವರಮ್ಮನ ಪಕ್ಷವನ್ನು ಹೇಳುವ ಬರಹವಾಗಲಿ ಹಾಡಾಗಲಿ ಸುರಪುರದ ಮನೆಗಳಲ್ಲಿ ಉಳಿದಿದ್ದರೆ ಅದನ್ನು ಹುಡುಕುವುದು ಇತಿಹಾಸಕಾರರ ಋಣ.

ಬ್ರಿಟಿಷರ ವಿರುದ್ಧ ಸುರಪುರ ಎದ್ದ 1858ರ ಘಟನೆ ಕನ್ನಡಿಗರಿಗೆ ತಕ್ಕಮಟ್ಟಿಗೆ ಗೊತ್ತು. ಫೆಬ್ರುವರಿ ಮೊದಲ ವಾರ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ತುಕಡಿ ಸುರಪುರದ ಬಳಿ ಬಿಡಾರ ಹೂಡಿತು. ರಾತ್ರಿ ಬೇಡರು ಮೇಲೆ ಬಿದ್ದರು. ಮರುದಿನ, 8ರಂದು ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೇನೆ ಬರುತ್ತಿದೆಯೆಂದು ತಿಳಿದ ವೆಂಕಟಪ್ಪ ನಾಯಕ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ, ದಿವಾನ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ. ಸೆರೆಯಲ್ಲಿ ಟೇಲರ್ ಬಂದು ಕಂಡಾಗ ತನ್ನನ್ನು ಪ್ರೇರಿಸಿದವರ ಹೆಸರನ್ನು ಅವನು ಹೇಳಲಿಲ್ಲ. ಕಳ್ಳನ ಹಾಗೆ ಗಲ್ಲಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿಸಿಕೊಳ್ಳುವುದು ಮೇಲೆಂದನಂತೆ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಮದ್ರಾಸಿನ ಕಡೆಯ ಕೋಟೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಸತ್ತ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ನಿಜಾಮರ ಮನೆತನದ ಮೂಲಪುರುಷ ಚಿನ್ ಕಿಲಿಚ್ ಖಾನ್ 1705ರಲ್ಲಿ ವಾಗಣಗೇರಾದ ಮುತ್ತಿಗೆಯಲ್ಲಿ ಹೋರಾಡಿ ಬಡ್ತಿ ಪಡೆದವನು. ನೂರೈವತ್ತೈದು ವರ್ಷಗಳ ಮೇಲೆ ಅದೇ ನೆಲ ಅವನ ವಂಶದ ಕೈಸೇರಿತು.

ಶಾಲೆಯ ಪಠ್ಯದಲ್ಲಿ ಸುರಪುರದ ಬೇಡರು ಕಾಣಿಸಿಕೊಳ್ಳುವುದು ಈ ಒಂದು ವಾರದಲ್ಲಿ ಮಾತ್ರ. ಅದಕ್ಕೆ ಮುಂಚೆ ಅವರಿಲ್ಲ, ಅದರ ನಂತರವೂ ಇಲ್ಲ. ಇದು ಗೌರವ ಕೊಟ್ಟಂತೆ ಕಂಡರೂ ಅನ್ಯಾಯವೇ. ದೊರೆ ಸತ್ತ ಮೇಲೆ ಅವನ ಹಿಂದಿದ್ದ ಸಾವಿರಾರು ಬೇಡರ ಮನೆಗಳು ಏನಾದವು? ಸೈನ್ಯಸೇವೆಗೆಂದು ಉಂಬಳಿಯಾಗಿ ಬಂದಿದ್ದ ಜಮೀನು ಸೇವೆಯೇ ನಿಂತ ಮೇಲೆ ಯಾರ ಹೆಸರಿಗೆ ಹೋಯಿತು? ಊರಿನ ಕಾವಲು ಕಾಯುತ್ತಿದ್ದವರು ಹೊಸ ಪೊಲೀಸು ಬಂದ ಮೇಲೆ ಹೇಗೆ ಬದುಕಿದರು? ಸಾಮಾನ್ಯ ಬೇಡನ ಇತಿಹಾಸ ಶುರುವಾಗುವುದೇ ಈ ಪ್ರಶ್ನೆಗಳ ಹತ್ತಿರ.

ಮುಂಬೈ ಪ್ರಾಂತ್ಯದ ಕಡೆಯಿಂದ ಒಂದಿಷ್ಟು ಉತ್ತರ ಸಿಗುತ್ತದೆ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದ್ದಕ್ಕೆ ಅವರ ಊರಿಗೇ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಈ ಕಥೆಯನ್ನು ಉಳಿಸಿದ್ದು ಲಾವಣಿ. ಆಮೇಲಿನ ಕಾಲದಲ್ಲಿ ಬೇಡರಿಗೆ ಮರಾಠಿಯಲ್ಲಿರುವ ಬೇರಡ ಎಂಬ ಹೆಸರು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿತು. ಹುಟ್ಟಿದ ಮಗುವೂ ಪೊಲೀಸರ ಲೆಕ್ಕದಲ್ಲಿ ಕಳ್ಳ. ಕಾಯ್ದೆ 1952ರಲ್ಲಿ ರದ್ದಾಯಿತು, ಅನುಮಾನ ಅಷ್ಟು ಬೇಗ ಹೋಗಲಿಲ್ಲ. ಬೆಳಗಾವಿಯ ಹತ್ತಿರದ ಯಮನಾಪುರದ ಭೀಮರಾವ್ ಗಸ್ತಿಯವರು ‘ಬೇರಡ’ ಎಂಬ ಮರಾಠಿ ಆತ್ಮಕಥೆಯಲ್ಲಿ ಆ ಅನುಮಾನದಡಿ ಬದುಕಿದವರ ಪಾಡನ್ನು ಹೇಳಿದರು. ಬೇಡ ಸಮುದಾಯದ ಒಬ್ಬ ಮನುಷ್ಯ ತನ್ನ ಜನರ ಬಗ್ಗೆ ತಾನೇ ಬರೆದ ಅಪರೂಪದ ಪುಸ್ತಕ ಅದು. ಸುರಪುರದ ಕಡೆಯಿಂದ ಅಂಥದ್ದೊಂದು ಬರಬೇಕಾಗಿದೆ.

ಸರವಾಕ್‌ನಲ್ಲಿ ಇದೇ ಕೆಲಸ ಹೇಗಾಯಿತೆಂಬುದು ತಿಳಿಯಬೇಕಾದ ವಿಷಯ. ಇಬಾನರಿಗೆ ಪುಸ್ತಕವಿರಲಿಲ್ಲ, ಲೆಮಂಬಾಂಗ್ ಎಂಬ ಹಾಡುಗಾರರಿದ್ದರು. ಹಬ್ಬದ ರಾತ್ರಿಗಳಲ್ಲಿ ಬೆಳಗಿನವರೆಗೆ ದೇವರ, ಪೂರ್ವಿಕರ ಪಯಣವನ್ನು ಹಾಡುವವರು. ನೆನಪಿಗೆ ನೆರವಾಗಲೆಂದು ಹಲಗೆಯ ಮೇಲೆ ಗುರುತು ಕೆತ್ತಿಟ್ಟುಕೊಳ್ಳುತ್ತಿದ್ದರು. ಮನೆತನಗಳ ವಂಶಾವಳಿಗೆ ತುಸುತ್ ಎಂದು ಹೆಸರು. ಯಾವ ಅಜ್ಜ ಯಾವ ಕಣಿವೆಯಿಂದ ಬಂದ, ಯಾವ ಹೊಳೆಯ ದಂಡೆಯಲ್ಲಿ ಮೊದಲು ಕಾಡು ಕಡಿದ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಹೊಲದ ಹಕ್ಕಿನ ಜಗಳ ಬಂದರೆ ಅದೇ ಸಾಕ್ಷಿ. ಬೆನೆಡಿಕ್ಟ್ ಸ್ಯಾಂಡಿನ್ ಎಂಬ ಇಬಾನರು 1950ರ ದಶಕದಲ್ಲಿ ಸರವಾಕ್ ಮ್ಯೂಸಿಯಂ ಸೇರಿ, ಉದ್ದಮನೆಯಿಂದ ಉದ್ದಮನೆಗೆ ಹೋಗಿ ಈ ತುಸುತ್‌ಗಳನ್ನೂ ಹಾಡುಗಳನ್ನೂ ಬರೆದುಕೊಂಡರು. ಮುಂದೆ ಅದೇ ಮ್ಯೂಸಿಯಂನ ಮುಖ್ಯಸ್ಥರಾದರು. ಬ್ರೂಕ್ ಬರುವುದಕ್ಕೆ ಮೊದಲಿನ ಇಬಾನರ ಇತಿಹಾಸವನ್ನು 1967ರಲ್ಲಿ ಪುಸ್ತಕವಾಗಿ ಕೊಟ್ಟರು. ಬೋರ್ನಿಯೋ ಲಿಟರೇಚರ್ ಬ್ಯೂರೋ ಎಂಬ ಸಂಸ್ಥೆ ಇಬಾನರು ಬರೆದ ಕಥೆ, ಪುರಾಣಗಳನ್ನು ಇಬಾನ ಭಾಷೆಯಲ್ಲೇ ಅಚ್ಚು ಹಾಕಿತು. ಈಗ ಕುಚಿಂಗ್‌ನ ತುನ್ ಜುಗಾ ಪ್ರತಿಷ್ಠಾನ ಆ ಕೆಲಸ ಮುಂದುವರಿಸಿದೆ. ಇಬಾನ ಭಾಷೆ ಶಾಲೆಯ ಪಾಠವಾಗಿದೆ. ಹೆಂಗಸರು ನೇಯುವ ಪುವಾ ಕುಂಬು ಬಟ್ಟೆಯನ್ನು ಹಿಂದಿನವರು ಹೆಂಗಸರ ಯುದ್ಧವೆಂದೇ ಕರೆಯುತ್ತಿದ್ದರು. ಅದರ ವಿನ್ಯಾಸಗಳಿಗೂ ಹೆಸರು, ವಂಶ, ಕಥೆಗಳಿರುವುದು ದಾಖಲಾಗಿದೆ. ತಲೆ ಕಡಿಯುವವರೆಂಬ ಒಂದೇ ಮಾತಿನಲ್ಲಿ ಮುಗಿದುಹೋಗಿದ್ದ ಜನರ ಚಿತ್ರ ಹೀಗೆ ಬದಲಾಯಿತು.

ಯಾದಗಿರಿ ಸೀಮೆಯಲ್ಲಿ ಲೆಮಂಬಾಂಗ್ ಇಲ್ಲ, ಹೆಳವರಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ಹೊತ್ತಿಗೆ ಎತ್ತಿನೊಂದಿಗೆ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರನ್ನು ತಲೆಮಾರುಗಳ ಹಿಂದಕ್ಕೆ ಒಪ್ಪಿಸುವವರು. ಮೂಲ ಯಾವ ಊರು, ಅಲ್ಲಿಂದ ಯಾಕೆ ಬಿಟ್ಟುಬಂದರು, ಯಾವ ದೈವಕ್ಕೆ ನಡೆದುಕೊಳ್ಳುತ್ತಾರೆ, ಯಾವ ಬೆಡಗು ಎಲ್ಲವನ್ನೂ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಸುರಪುರದ ದೊರೆಗಳ ವಂಶವೃಕ್ಷ ಹಲವು ಪುಸ್ತಕಗಳಲ್ಲಿ ಅಚ್ಚಾಗಿದೆ, ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರು ಸಂಸ್ಥಾನದ ಇತಿಹಾಸಕ್ಕಾಗಿ ದುಡಿದಿದ್ದಾರೆ. ಸಾಮಾನ್ಯ ಬೇಡ ಮನೆತನದ, ತಳವಾರನ, ಕಾಲಾಳಿನ ವಂಶಾವಳಿ ಇರುವುದು ಹೆಳವರ ಹತ್ತಿರ ಮಾತ್ರ. ಅವರ ಮಕ್ಕಳು ಈ ಕಸುಬು ಬಿಡುತ್ತಿದ್ದಾರೆ, ಬಿಡುವುದು ಅವರ ಹಕ್ಕು ಕೂಡ. ಕೈಯಲ್ಲಿರುವ ಹೊತ್ತಿಗೆಗಳೂ ತಲೆಯಲ್ಲಿರುವ ನೆನಪೂ ಅವರೊಂದಿಗೇ ಹೋಗಬಾರದು.

ಬಾಯಿಮಾತಿನ ಇತಿಹಾಸವನ್ನು ನಂಬುವುದು ಹೇಗೆ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಹೆಳವ ದಾನ ಕೊಡುವವನನ್ನು ಹೊಗಳುತ್ತಾನೆ, ಲಾವಣಿಕಾರ ಏರಿಸಿ ಹಾಡುತ್ತಾನೆ, ಇಬಾನರ ತುಸುತ್ ದೇವಲೋಕದಿಂದಲೇ ಶುರುವಾಗುತ್ತದೆ. ನಿಜ. ಸ್ಯಾಂಡಿನ್ ಅವರೂ ಒಂದು ಕಣಿವೆಯ ವಂಶಾವಳಿಯನ್ನು ಇನ್ನೊಂದರ ಜೊತೆ ಇಟ್ಟು ನೋಡಬೇಕಾಯಿತು. ಇಲ್ಲಿಯೂ ಹೆಳವರ ಮಾತನ್ನು ಕಂದಾಯದ ಕಡತಗಳ ಜೊತೆ, ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿರುವ ನಿಜಾಮ ಕಾಲದ ದಾಖಲೆಗಳ ಜೊತೆ, ಟೇಲರ್‌ನ ಬರಹದ ಜೊತೆಯೂ ಹೊಂದಿಸಿ ಪರೀಕ್ಷಿಸಬೇಕು. ಮೊಗಲ್ ಬಖೈರುಕಾರನೂ ತನ್ನ ಒಡೆಯನನ್ನು ಹೊಗಳಿದವನೇ. ಅವನ ಬರಹಕ್ಕೆ ಕೊಟ್ಟಷ್ಟೇ ತಾಳ್ಮೆಯನ್ನು ಹೆಳವನ ಮಾತಿಗೂ ಕೊಡಬೇಕೆಂಬುದಷ್ಟೇ ಬೇಡಿಕೆ.

ನೆನಪು ಉಳಿಯಲು ಆಸರೆ ಬೇಕು ಎಂಬುದನ್ನು ಈ ನೆಲವೇ ತೋರಿಸುತ್ತದೆ. ಯಾದಗಿರಿಗೆ ಹತ್ತಿರದ ಅಬ್ಬೆತುಮಕೂರಿನ ಸಿದ್ಧಸಂಸ್ಥಾನ ಮಠಕ್ಕೆ ಬರುವ ಭಕ್ತರ ಬಾಯಲ್ಲಿ ಆ ಮಠದ ವಿಶ್ವಾರಾಧ್ಯರ ಮಹಿಮೆಯ ಕಥೆಗಳು ಇಂದಿಗೂ ಹೊಸದಾಗಿಯೇ ಇವೆ. ಜಾತ್ರೆ ಇದೆ, ಗದ್ದುಗೆ ಇದೆ, ಕಥೆ ಹೇಳುವುದಕ್ಕೂ ಕೇಳುವುದಕ್ಕೂ ವರ್ಷವರ್ಷವೂ ಜನ ಸೇರುತ್ತಾರೆ. ಸುರಪುರದಲ್ಲೂ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಹುಡುಗರು ಜಾರುವ ಕಂಬ ಏರುವ ಸಡಗರ ಉಳಿದಿದೆ. ವಾಗಣಗೇರಾದ ನೆನಪಿಗೆ ಮಾತ್ರ ಅಂಥ ಆಸರೆ ಸಿಕ್ಕಿಲ್ಲ.

ಈ ಮಾತು ಹಳೆಯದರ ಮೇಲಿನ ಮೋಹದಿಂದ ಬಂದದ್ದಲ್ಲ. 1991ರ ತಿದ್ದುಪಡಿಯಿಂದ ಬೇಡ, ಬೇಡರ್, ವಾಲ್ಮೀಕಿ, ನಾಯಕ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸ್ಪಷ್ಟವಾದವು, 2020ರಲ್ಲಿ ಪರಿವಾರ ಮತ್ತು ತಳವಾರ ಸೇರಿದವು. ಆಮೇಲೆ ಯಾವ ತಳವಾರರು ಈ ಪಟ್ಟಿಗೆ ಸೇರುತ್ತಾರೆಂಬ ತಕರಾರು ಕಲ್ಯಾಣ ಕರ್ನಾಟಕದಲ್ಲಿ ಪ್ರಮಾಣಪತ್ರದ ಕಚೇರಿಗಳವರೆಗೆ ಹೋಯಿತು. ವಂಶಾವಳಿ ಸರಿಯಾಗಿ ದಾಖಲಾಗಿದ್ದರೆ ಇಂಥ ಜಗಳಗಳಲ್ಲಿ ಬಡವರಿಗೆ ಒಂದು ಆಧಾರವಿರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ನಾರಾಯಣಪುರದ ಬಸವಸಾಗರದ ನೀರು ಹರಿದ ಮೇಲೂ ಸಾವಿರಾರು ಮನೆಗಳು ಬೀಗ ಹಾಕಿಕೊಂಡು ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡದ ಕೆಲಸಗಳಿಗೆ ಗುಳೆ ಹೋಗುತ್ತವೆ. ಇಬಾನ ತರುಣರೂ ಊರು ಬಿಟ್ಟು ದೂರ ಹೋಗುತ್ತಾರೆ. ಬೆಜಲಾಯ್ ಎಂಬ ಆ ಪಯಣ ಅವರಲ್ಲಿ ಗೌರವದ್ದು. ಗಳಿಸಿಕೊಂಡು, ಕಥೆ ಹೊತ್ತು, ಹೆಸರು ಮಾಡಿ ಮರಳುವವನಿಗೆ ಉದ್ದಮನೆಯಲ್ಲಿ ಮರ್ಯಾದೆ ಹೆಚ್ಚುತ್ತದೆ. ಗುಳೆ ಹೋದ ಕುಟುಂಬ ಸಾಲ ತೀರಿಸಲು ಹೋದದ್ದು. ಹೆಳವ ಮನೆ ಮುಂದೆ ಬಂದಾಗ ಬಾಗಿಲಲ್ಲಿ ಯಾರೂ ಇರುವುದಿಲ್ಲ, ಆ ವರ್ಷ ಹುಟ್ಟಿದ ಮಗುವಿನ ಹೆಸರು ಹೊತ್ತಿಗೆಗೆ ಸೇರುವುದಿಲ್ಲ.

ಈ ನೆನಪುಗಳನ್ನು ದಾಖಲಿಸಲು ದೊಡ್ಡ ಅನುದಾನಕ್ಕೆ ಕಾಯಬೇಕಾಗಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜುಂಜಪ್ಪ, ಕುಮಾರರಾಮರ ಮೌಖಿಕ ಕಾವ್ಯಗಳನ್ನು ದಾಖಲಿಸಿ ದಾರಿ ತೋರಿಸಿದೆ. ಯಾದಗಿರಿ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸುರಪುರ, ಶಹಾಪುರ, ಹುಣಸಗಿಯ ಪದವಿ ವಿದ್ಯಾರ್ಥಿಗಳಿಗೆ ತಮ್ಮ ಊರಿಗೆ ಬರುವ ಹೆಳವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬರೆದು ತರುವ ಕೆಲಸವನ್ನು ಅಧ್ಯಾಪಕರು ಹಚ್ಚಬಹುದು. ಹೆಳವರಿಗೆ ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು, ಅವರ ಹೆಸರು ದಾಖಲೆಯಲ್ಲಿರಬೇಕು. ಉರ್ದು, ಪಾರಸಿ ಬಲ್ಲವರು ಕಲಬುರಗಿ, ಯಾದಗಿರಿಗಳಲ್ಲಿ ಇನ್ನೂ ಇದ್ದಾರೆ. ತಾರ್ನಾಕದ ಕಡತಗಳನ್ನು ಓದಲು ಅವರ ನೆರವು ಕೇಳಬೇಕು. ವಾಗಣಗೇರಾ, ತಳವಾರಗೇರಾ, ಸಗರದ ಹಿರಿಯರು ತಮ್ಮ ಮನೆಯ ಹಾಡು, ಹೆಸರು, ಹಳೆಯ ಕಾಗದಗಳನ್ನು ಮೊಮ್ಮಕ್ಕಳ ಕೈಗೆ ಕೊಡಲಿ. ಮುಂದಿನ ಸುಗ್ಗಿಯಲ್ಲಿ ಹೆಳವರು ಊರಿಗೆ ಬಂದಾಗ ಅವರನ್ನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿ, ಬರೆದುಕೊಳ್ಳಿ.